ಬಸ್ಸಿಳಿದು ನಡೆದ ಬೆಟ್ಟಗಳು, ಜಲಾಶಯಗಳು

(ಸುವರ್ಣ ಮಹೋತ್ಸವದ ಎರಡನೆಯ ದಿನ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ, ನಮ್ಮ ಶಾಲೆಯ ನಿವೃತ್ತ ಸಮಾಜ ವಿಜ್ಞಾನ ಶಿಕ್ಷಕರು ಮಾಡಿದ ಭಾಷಣದ ಬರಹರೂಪ)



ಸಮಿತಿಯವರು ನನಗೆ "ಶಿಕ್ಷಣದಲ್ಲಿ ಮೌಲ್ಯಗಳು" ಎಂಬ ವಿಷಯ ಕೊಟ್ಟಿದ್ದರು. ನಾನು ಒಪ್ಪಲಿಲ್ಲ. ಆ ವಿಷಯಕ್ಕೆ ನಿನ್ನೆಯಿಂದ ಐದು ಜನ ಮಾತಾಡಿದ್ದಾರೆ, ಚೆನ್ನಾಗಿಯೇ ಮಾತಾಡಿದ್ದಾರೆ. ನನಗೆ ಗೊತ್ತಿರುವುದು ಎರಡೇ ಸಂಗತಿ. ಒಂದು, ನಮ್ಮ ಸುತ್ತಲಿನ ಬೆಟ್ಟ ಮತ್ತು ಡ್ಯಾಮುಗಳು. ಇನ್ನೊಂದು, ಅಲ್ಲಿಗೆ ಹೋಗುವ ಬಸ್ಸುಗಳು. ಅದನ್ನೇ ಹೇಳುತ್ತೇನೆ ಎಂದೆ. ಸಮಿತಿಯಲ್ಲಿದ್ದ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ನಕ್ಕು, "ಸಾರ್, ನೀವು ಪಾಠಕ್ಕಿಂತ ಬಸ್ಸಿನ ಟೈಮನ್ನೇ ಚೆನ್ನಾಗಿ ಬಾಯಿಪಾಠ ಮಾಡಿಸಿದ್ರಿ" ಎಂದ. ಇರಬಹುದು.

ಈ ಶಾಲೆಗೆ ನಾನು ಬಂದದ್ದು 1985ರಲ್ಲಿ. ಒಂಬತ್ತನೇ ತರಗತಿಗೆ ಭೂಗೋಳ ಮಾಡುವಾಗ "ಜಲಾನಯನ ಪ್ರದೇಶ" ಎಂಬ ಮಾತು ಬಂತು. ಬೋರ್ಡಿನ ಮೇಲೆ ಚಿತ್ರ ಬರೆದೆ, ಬಾಣದ ಗುರುತು ಹಾಕಿದೆ. ಹುಡುಗರು ಬರೆದುಕೊಂಡರು. ಕೊನೆಗೆ, "ಇಲ್ಲಿ ಬಿದ್ದ ಮಳೆ ನೀರು ಎಲ್ಲಿಗೆ ಹೋಗುತ್ತೆ?" ಎಂದು ಕೇಳಿದೆ. ಒಬ್ಬ ಎದ್ದು, "ಮೋರಿಗೆ ಸಾರ್" ಎಂದ. ಮೋರಿಯಿಂದ ಎಲ್ಲಿಗೆ? "ಕೆರೆಗೆ." ಕೆರೆ ತುಂಬಿದ ಮೇಲೆ? ಸುಮ್ಮನಾದ. ಕಿಟಕಿಯಾಚೆ ಸಾವನದುರ್ಗ ಕಾಣುತ್ತಿತ್ತು. ಈ ಅಂಗಳದಲ್ಲಿ ನಿಂತರೆ ಈಗಲೂ ಕಾಣುತ್ತದೆ, ಹೊಸ ಕಟ್ಟಡದ ನೀರಿನ ಟ್ಯಾಂಕ್ ಸ್ವಲ್ಪ ಅಡ್ಡ ಬರುತ್ತದೆ ಅಷ್ಟೆ. ನಲವತ್ತೆಂಟು ಮಕ್ಕಳಲ್ಲಿ ಆ ಬೆಟ್ಟ ಹತ್ತಿದವರು ಎಷ್ಟು ಜನ ಎಂದು ಕೇಳಿದೆ. ಮೂರು ಕೈ ಎದ್ದವು. ಆ ಮೂವರೂ ಹೋಗಿದ್ದದ್ದು ಜಾತ್ರೆಗೆ. ಬೆಟ್ಟದ ಬುಡದ ದೇವಸ್ಥಾನ ನೋಡಿ ಬಂದಿದ್ದರು.

ಮುಂದಿನ ವರ್ಷ, 1986ರಲ್ಲಿ, ಮೊದಲ ಸಲ ಹನ್ನೊಂದು ಹುಡುಗರನ್ನು ಕರೆದುಕೊಂಡು ಹೋದೆ. ಯಾಕೆ ಬಸ್ಸಿನಲ್ಲಿ ಹೋದೆವು ಎಂದರೆ ಬೇರೆ ದಾರಿ ಇರಲಿಲ್ಲ. ಮೆಟಡಾರ್ ಬಾಡಿಗೆ ಕೊಡಲು ಅಪ್ಪಂದಿರ ಬಳಿ ದುಡ್ಡಿರಲಿಲ್ಲ, ನನ್ನ ಬಳಿಯೂ ಇರಲಿಲ್ಲ. ಆದರೆ ಎರಡು ಮೂರು ಸಲ ಹೋದ ಮೇಲೆ, ಬಸ್ಸಿಗೆ ತನ್ನದೇ ಒಂದು ಅನುಕೂಲ ಇದೆ ಎಂದು ಗೊತ್ತಾಯಿತು. ಕಾರಿನಲ್ಲಿ ಹೋದವನು ಕಾರು ನಿಲ್ಲಿಸಿದ ಜಾಗಕ್ಕೇ ವಾಪಸ್ ಬರಬೇಕು. ಬಸ್ಸಿನಲ್ಲಿ ಹೋದವನಿಗೆ ಆ ಕಟ್ಟು ಇಲ್ಲ. ಈ ಕಡೆ ಬಸ್ಸಿಳಿದು, ಬೆಟ್ಟ ಮುಗಿಸಿ, ನಡೆಯುತ್ತಾ ಹೋಗಿ ಆ ಕಡೆಯ ಊರಲ್ಲಿ ಇನ್ನೊಂದು ಬಸ್ಸು ಹತ್ತಬಹುದು. ಸಾವನದುರ್ಗದಲ್ಲಿ ಬಸ್ಸಿಳಿದು, ಮಧ್ಯಾಹ್ನದ ಹೊತ್ತಿಗೆ ಕೆಳಗಿಳಿದು, ರಸ್ತೆ ಹಿಡಿದು ಹೆಚ್ಚುಕಡಿಮೆ ಹತ್ತು ಕಿಲೋಮೀಟರ್ ನಡೆದರೆ ಮಂಚನಬೆಲೆ ಜಲಾಶಯ. ಅಲ್ಲಿಂದ ಬೇರೆ ಬಸ್ಸು. ರಸ್ತೆ ಹಿಡಿದು ಎಂದೆ, ಗಮನವಿಡಿ. ಅದು ಕರಡಿ, ಚಿರತೆ ಇರುವ ಕಾಡು, ಒಳದಾರಿ ಹುಡುಕಿ ಜಾಣತನ ತೋರಿಸುವ ಜಾಗ ಅಲ್ಲ.

ಸಾವನದುರ್ಗದ ಬಗ್ಗೆ ನಾಲ್ಕು ಮಾತು ಹೇಳದೆ ಮುಂದೆ ಹೋಗಲಾರೆ. ಸಮುದ್ರ ಮಟ್ಟದಿಂದ 1,226 ಮೀಟರ್. ಕರಿಗುಡ್ಡ, ಬಿಳಿಗುಡ್ಡ ಎಂದು ಎರಡು. ಬುಡದಲ್ಲಿ ವೀರಭದ್ರಸ್ವಾಮಿ, ನರಸಿಂಹಸ್ವಾಮಿ ಗುಡಿಗಳು. ದೂರದಿಂದ ನೋಡಿದರೆ ಒಂದೇ ಕಲ್ಲು, ಹತ್ತಿರ ಹೋದರೂ ಒಂದೇ ಕಲ್ಲು. ಈ ಕಲ್ಲಿಗೆ ಭೂವಿಜ್ಞಾನಿಗಳು ಕ್ಲೋಸ್‌ಪೇಟೆ ಗ್ರಾನೈಟ್ ಎನ್ನುತ್ತಾರೆ. ಕ್ಲೋಸ್‌ಪೇಟೆ ಅಂದರೆ ನಮ್ಮ ರಾಮನಗರದ ಹಳೆಯ ಹೆಸರು, ಬ್ಯಾರಿ ಕ್ಲೋಸ್ ಎಂಬ ಬ್ರಿಟಿಷ್ ರೆಸಿಡೆಂಟನಿಂದ ಬಂದದ್ದು. ಪಟ್ಟಣದ ಹೆಸರು ಬದಲಾಯಿತು, ಕಲ್ಲಿನ ಹೆಸರು ಪ್ರಪಂಚದ ಪುಸ್ತಕಗಳಲ್ಲಿ ಹಾಗೇ ಉಳಿಯಿತು. ಸುಮಾರು 250 ಕೋಟಿ ವರ್ಷ ಹಳೆಯದು. ಈ ಅಂಕಿಯನ್ನು ಕ್ಲಾಸಿನಲ್ಲಿ ಹೇಳಿದಾಗ ಯಾರ ಮುಖದಲ್ಲೂ ಏನೂ ಕಾಣಲಿಲ್ಲ. ಬಂಡೆಯ ನಡುಮಧ್ಯೆ, ಬಿಸಿಲಿನಲ್ಲಿ, ಅಂಗೈ ಕಲ್ಲಿಗೆ ಊರಿಸಿ ಹೇಳಿದಾಗ ಒಬ್ಬ ಹುಡುಗ ಮೆಲ್ಲಗೆ ಕೈ ತೆಗೆದುಬಿಟ್ಟ, ದೊಡ್ಡವರ ಕಾಲು ತುಳಿದವನ ಹಾಗೆ.

ಕೆಂಪೇಗೌಡರ ವಂಶದವರ ಕೈಯಿಂದ ಮಾಗಡಿ ಸೀಮೆ 1728ರಲ್ಲಿ ಮೈಸೂರಿಗೆ ಹೋಯಿತು. 1791ರ ಡಿಸೆಂಬರಿನಲ್ಲಿ ಕಾರ್ನ್‌ವಾಲಿಸನ ಸೈನ್ಯ ಟಿಪ್ಪುವಿನ ಕೈಯಿಂದ ಸಾವನದುರ್ಗ ಕಿತ್ತುಕೊಂಡಿತು. ಹತ್ತುವಾಗ ಸಿಗುವ ಗೋಡೆಗಳಲ್ಲಿ ಉಳಿದಿರುವುದು ಆ ಕೋಟೆ. ಮಕ್ಕಳಿಗೆ ಇಸವಿ ಮರೆತುಹೋಗುತ್ತದೆ. ಆದರೆ "ಫಿರಂಗಿ ಎಳ್ಕೊಂಡು ಇಲ್ಲಿಗೆ ಹ್ಯಾಗ್ ಸಾರ್ ಬಂದ್ರು?" ಎಂಬ ಪ್ರಶ್ನೆ ಪ್ರತಿ ಸಲವೂ ಬರುತ್ತಿತ್ತು. ಒಬ್ಬ ಶಿಕ್ಷಕನಿಗೆ ಇದಕ್ಕಿಂತ ಇನ್ನೇನು ಬೇಕು?

ಈಗ ನನ್ನ ತಪ್ಪುಗಳಿಗೆ ಬರುತ್ತೇನೆ. ಮೊದಲನೆಯದು ಸಣ್ಣದು. 1988. ಹದಿನೇಳು ಹುಡುಗರು. ಬೆಟ್ಟ ಇಳಿದು ಬರುವಾಗ ಐದು ಗಂಟೆ ದಾಟಿತ್ತು. ಕಡೇ ಬಸ್ಸು ಆರಕ್ಕೆ ಎಂದು ನಾನು ಲೆಕ್ಕ ಹಾಕಿದ್ದೆ, ಯಾಕೆಂದರೆ ಹಿಂದಿನ ಸಲ ಹಾಗಿತ್ತು. ಹಿಂದಿನ ಸಲ ನಾವು ಹೋದದ್ದು ಶನಿವಾರ. ಅವತ್ತು ಭಾನುವಾರ. ಗೂಡಂಗಡಿಯ ಅಜ್ಜ ನಮ್ಮನ್ನು ನೋಡಿ, "ಬಾನುವಾರ ನಾಕೂವರೆದೇ ಕಡೇದು ಮೇಷ್ಟ್ರೆ, ಬೆಳಗ್ಗೆ ಇಳುದಾಗ್ಲೇ ಕೇಳ್ಬಾರ್ದಾಗಿತ್ತಾ" ಎಂದ. ಕೇಳಬಹುದಾಗಿತ್ತು. ಕೇಳಿರಲಿಲ್ಲ.

ಆಗ ಫೋನು ಎಲ್ಲಿ? ಊರಿನಲ್ಲಿದ್ದದ್ದು ಅಂಚೆ ಕಚೇರಿಯ ಫೋನು ಒಂದೇ, ಅದಕ್ಕೂ ಭಾನುವಾರ ಬೀಗ. ದೇವಸ್ಥಾನದ ಜಗಲಿಯ ಮೇಲೆ ಮಲಗಿದೆವು. ಅರ್ಚಕರ ಮನೆಯವರು ಒಂದು ದೊಡ್ಡ ಪಾತ್ರೆ ಅನ್ನ, ಹುರುಳಿ ಸಾರು ಮಾಡಿ ಹಾಕಿದರು. ಹುಡುಗರಿಗೆ ಹಬ್ಬ. ನನಗೆ ನಿದ್ದೆ ಇಲ್ಲ. ರಾತ್ರಿ ಒಂದು ಗಂಟೆಗೆ ಟ್ರ್ಯಾಕ್ಟರಿನ ಸದ್ದು ಕೇಳಿಸಿತು. ನಮ್ಮೂರಿಂದ ಏಳೆಂಟು ಜನ ತಂದೆಯರು ಟಾರ್ಚ್ ಹಿಡಿದು ಬಂದಿದ್ದರು. ಬೈಯುತ್ತಾರೆ ಎಂದುಕೊಂಡೆ. ಮೊದಲು ಇಳಿದವರು ಮಲಗಿದ್ದ ಮಕ್ಕಳನ್ನು ಒಂದೊಂದಾಗಿ ಟಾರ್ಚ್ ಬಿಟ್ಟು ಎಣಿಸಿದರು. ಹದಿನೇಳು ಎಂದಾದ ಮೇಲೆ ಪಕ್ಕಕ್ಕೆ ಹೋಗಿ ಬೀಡಿ ಹಚ್ಚಿದರು. ಆಮೇಲೆ ಬೈದರು. ಆ ಬೈಗುಳಗಳನ್ನು ಈ ಸಂಚಿಕೆಯಲ್ಲಿ ಅಚ್ಚು ಹಾಕಲಾಗುವುದಿಲ್ಲ.

ಅಂದಿನಿಂದ ಒಂದು ನಿಯಮ ಮಾಡಿದೆ. ಬಸ್ಸಿಳಿದ ತಕ್ಷಣ, ಬೆಟ್ಟದ ಕಡೆ ತಿರುಗಿ ನೋಡುವ ಮೊದಲು, ಮೂರು ಜನರನ್ನು ಕೇಳುವುದು: ಕಂಡಕ್ಟರ್, ಟೀ ಅಂಗಡಿಯವರು, ಮತ್ತೆ ಬಸ್ಸಿಗೆ ಕಾಯುತ್ತಾ ಕೂತ ಒಬ್ಬ ಹೆಂಗಸು. ಮೂವರೂ ಒಂದೇ ಟೈಮು ಹೇಳಿದರೆ ಸರಿ. ಬೇರೆ ಬೇರೆ ಹೇಳಿದರೆ ಎಲ್ಲಕ್ಕಿಂತ ಮುಂಚಿನದನ್ನು ನಂಬುವುದು. ಹೆಂಗಸನ್ನೇ ಯಾಕೆ ಎಂದು ಹುಡುಗರು ಕೇಳುತ್ತಿದ್ದರು. ಬಸ್ಸು ತಪ್ಪಿದರೆ ಗಂಡಸು ಯಾರದೋ ಸೈಕಲ್ಲೋ ಲಾರಿಯೋ ಹಿಡಿದು ಹೋಗುತ್ತಾನೆ, ಅದಕ್ಕೇ ಅವನ ಟೈಮು ಸಡಿಲ. ಹೆಂಗಸಿಗೆ ಹಾಗಾಗುವುದಿಲ್ಲ, ಅವಳಿಗೆ ನಿಮಿಷದ ಲೆಕ್ಕ ಗೊತ್ತಿರುತ್ತದೆ. ನೈಟ್ ಹಾಲ್ಟ್ ಬಸ್ಸು ಯಾವ ಊರಲ್ಲಿ ತಂಗುತ್ತದೆ ಎಂಬುದನ್ನೂ ತಿಳಿದುಕೊಳ್ಳಬೇಕು. ಅದು ಸಂಜೆ ಊರಿಗೆ ಬಂದು, ಬೆಳಗ್ಗೆ ಎಲ್ಲಕ್ಕಿಂತ ಮೊದಲು ಹೊರಡುವ ಬಸ್ಸು. ಬೆಟ್ಟಕ್ಕೆ ಹೋಗುವವರಿಗೆ ಅದೇ ಒಳ್ಳೆಯದು. ಬಿಸಿಲೇರುವ ಮೊದಲು ಅರ್ಧ ಹತ್ತಿರುತ್ತೀರಿ.

ಹೀಗೆ ಹೋಗುತ್ತಾ ಹೋಗುತ್ತಾ ನನಗೆ ಒಂದು ಯೋಚನೆ ಬಂತು. ಬೆಟ್ಟ ಬೇರೆ, ಡ್ಯಾಮು ಬೇರೆ ಎಂದು ಯಾಕೆ ನೋಡಬೇಕು? ಒಂದೇ ನದಿಯನ್ನು ಹಿಡಿದು ವರ್ಷವಿಡೀ ನಡೆದರೆ ಹೇಗೆ? ನಮ್ಮ ನದಿ ಅರ್ಕಾವತಿ. ಹುಟ್ಟುವುದು ನಂದಿ ಬೆಟ್ಟದಲ್ಲಿ, ಸೇರುವುದು ಕನಕಪುರ ತಾಲ್ಲೂಕಿನ ಸಂಗಮದಲ್ಲಿ ಕಾವೇರಿಗೆ. ನಡುವೆ ಹೆಸರಘಟ್ಟ, ತಿಪ್ಪಗೊಂಡನಹಳ್ಳಿ, ಮಂಚನಬೆಲೆಯ ಕಟ್ಟುಗಳು. ಜೂನ್‌ನಿಂದ ಮಾರ್ಚ್ ಒಳಗೆ, ಆರು ಭಾನುವಾರ, ಆರು ಬಸ್ ಪ್ರಯಾಣ. ಹೀಗೆ ನಾಲ್ಕು ಬ್ಯಾಚು ಪೂರ್ತಿ ನದಿ ನೋಡಿದವು. ಆ ಬ್ಯಾಚಿನವರು ಬಸ್ ಟಿಕೆಟ್ಟುಗಳನ್ನು ಅಂಟಿಸಿ, ಪಕ್ಕದಲ್ಲಿ ಕಂಡದ್ದನ್ನು ಬರೆದ ನೋಟ್‌ಬುಕ್ಕನ್ನು ಹೊರಗಿನ ಪ್ರದರ್ಶನದಲ್ಲಿ ಇಟ್ಟಿದ್ದಾರೆ. ಕಂಡಕ್ಟರು ತೂತು ಹೊಡೆದು ಕೊಡುತ್ತಿದ್ದ ಆ ಸಣ್ಣ ಚೀಟಿಗಳನ್ನು ಇಂದಿನ ಮಕ್ಕಳು ನೋಡಿರಲಿಕ್ಕಿಲ್ಲ, ಹೋಗಿ ನೋಡಿ. ಮುಟ್ಟಬೇಡಿ, ಗೋಂದು ಒಣಗಿದೆ.

ನಂದಿ 1,478 ಮೀಟರ್. ಚಿಕ್ಕಬಳ್ಳಾಪುರದ ಕಡೆಯ ಬಸ್ಸು ಹಿಡಿಯಬೇಕು. ಎಲ್ಲರೂ ಘಾಟಿ ರಸ್ತೆಯಲ್ಲಿ ಮೇಲೆ ಹೋಗುತ್ತಾರೆ. ನಾವು ಸುಲ್ತಾನಪೇಟೆಯ ಕಡೆಯಿಂದ ಹಳೆಯ ಮೆಟ್ಟಿಲು ಹತ್ತುತ್ತಿದ್ದೆವು. ಕೆಳಗೆ ಭೋಗನಂದೀಶ್ವರ, ಮೇಲೆ ಯೋಗನಂದೀಶ್ವರ. ಭೋಗದಿಂದ ಯೋಗಕ್ಕೆ ಹೋಗಬೇಕಾದರೆ ಮೊಣಕಾಲು ಗಟ್ಟಿ ಇರಬೇಕು ಎಂದು ನಮ್ಮ ಡ್ರಿಲ್ ಮಾಸ್ಟರು ಹೇಳುತ್ತಿದ್ದರು. ಮೇಲೆ ನಿಂತು ಮಕ್ಕಳಿಗೆ ತೋರಿಸುತ್ತಿದ್ದದ್ದು ಒಂದೇ: ಈ ಬೆಟ್ಟಸಾಲಿನ ಸುತ್ತಮುತ್ತಲೇ ಅರ್ಕಾವತಿ, ಚಿತ್ರಾವತಿ, ಪಾಲಾರ್, ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ ಹುಟ್ಟುತ್ತವೆ. ಒಂದು ಆಂಧ್ರಕ್ಕೆ, ಒಂದು ತಮಿಳುನಾಡಿಗೆ, ನಮ್ಮದು ಕಾವೇರಿಗೆ. ಮಳೆ ಹನಿ ಎರಡು ಗಜ ಆಚೆ ಬಿದ್ದರೆ ಅದರ ರಾಜ್ಯವೇ ಬೇರೆಯಾಗುತ್ತದೆ. "ಮೋರಿಗೆ ಸಾರ್" ಎಂದಿದ್ದ ಹುಡುಗನ ತಮ್ಮ ಆ ಸಲ ಬಂದಿದ್ದ. ಮನೆಗೆ ಹೋಗಿ ಅಣ್ಣನಿಗೆ ಸರಿಯಾದ ಉತ್ತರ ಹೇಳಿದನಂತೆ.

ಹೆಸರಘಟ್ಟದಿಂದ 1896ರಲ್ಲಿ ಬೆಂಗಳೂರಿಗೆ ಮೊದಲ ಸಲ ಕೊಳಾಯಿ ನೀರು ಹೋಯಿತು. ಊರು ಬೆಳೆಯಿತು, ಮಳೆ ಕೈಕೊಟ್ಟ ವರ್ಷಗಳಲ್ಲಿ ಕೆರೆ ಬತ್ತಿತು, ನೀರು ಸಾಲಲಿಲ್ಲ. ಸರ್ ಎಂ. ವಿಶ್ವೇಶ್ವರಯ್ಯನವರ ಸಲಹೆಯಲ್ಲಿ ಕೆಳಗೆ, ಅರ್ಕಾವತಿಗೆ ಕುಮುದ್ವತಿ ಬಂದು ಸೇರುವ ಕಡೆ, ತಿಪ್ಪಗೊಂಡನಹಳ್ಳಿಯಲ್ಲಿ ಅಣೆಕಟ್ಟು ಕಟ್ಟಿದರು. 1933ರಲ್ಲಿ ಮುಗಿಯಿತು. ಚಾಮರಾಜಸಾಗರ ಎಂದು ಹೆಸರು. ನಮ್ಮ ಶಾಲೆ ಹುಟ್ಟಿದ 1974ರಲ್ಲೇ ಕಾವೇರಿ ನೀರು ಬೆಂಗಳೂರು ಮುಟ್ಟಿತು. ಅಲ್ಲಿಯವರೆಗೆ ಆ ಮಹಾನಗರ ನಮ್ಮ ಕಡೆಯ ಮಳೆಯನ್ನೇ ಕುಡಿಯುತ್ತಿತ್ತು. ಇದನ್ನು ನಮ್ಮ ಮಕ್ಕಳು ತಿಳಿದಿರಬೇಕು. ಬೆಂಗಳೂರಿಗೆ ಕೆಲಸಕ್ಕೆ ಹೋಗಿ "ಹಳ್ಳಿಯಿಂದ ಬಂದೋನು" ಎಂದು ಯಾರಾದರೂ ಅಂದರೆ ಉತ್ತರಕ್ಕಾದರೂ ಬೇಕಾಗುತ್ತದೆ.

ಬೆಂಗಳೂರು ಮಾಗಡಿ ರಸ್ತೆ ಆ ಜಲಾಶಯದ ಹತ್ತಿರದಲ್ಲೇ ಹಾಯುತ್ತದೆ. ಒಳಗೆ ಹೋಗಲು ಅನುಮತಿ ಬೇಕು. ನಾವು ಕಾಗದ ಬರೆದು, ಒಪ್ಪಿಗೆ ಪಡೆದು ಹೋಗುತ್ತಿದ್ದೆವು. ಪೂರ್ಣ ಮಟ್ಟ 74 ಅಡಿ. ಪ್ರತಿ ವರ್ಷ ಮಕ್ಕಳು ಆ ವರ್ಷದ ನೀರಿನ ಮಟ್ಟ ಕೇಳಿ ಬರೆದುಕೊಳ್ಳುತ್ತಿದ್ದರು. ಒಂದೊಂದು ಬ್ಯಾಚಿನ ಪುಸ್ತಕದಲ್ಲೂ ಆ ಅಂಕಿ ಇಳಿಯುತ್ತಾ ಬಂತು. ಮೇಲಿನ ಕೆರೆಗಳು ತುಂಬಿ ಕೋಡಿ ಹರಿದರೆ ತಾನೇ ನದಿ? ಕೊಳವೆ ಬಾವಿ ಹೆಚ್ಚಿದವು, ನೀಲಗಿರಿ ತೋಪು ಹೆಚ್ಚಿತು, ಹಳ್ಳಗಳ ಮೇಲೆ ಬಡಾವಣೆ ಎದ್ದವು. ಹರಿದು ಬರುವ ಸ್ವಲ್ಪ ನೀರಿನಲ್ಲೂ ಕೊಳಚೆ ಬೆರೆಯಿತು. 2003ರಲ್ಲಿ ಜಲಾನಯನ ಪ್ರದೇಶ ಉಳಿಸಲು ಸರ್ಕಾರ ಅಧಿಸೂಚನೆ ಹೊರಡಿಸಿತು. 2012ರಲ್ಲಿ ಅಲ್ಲಿಂದ ನಗರಕ್ಕೆ ಕುಡಿಯುವ ನೀರು ಕೊಡುವುದೇ ನಿಂತಿತು. ಪಾಠಪುಸ್ತಕದಲ್ಲಿ ಒಂದು ಪ್ಯಾರಾದಲ್ಲಿ ಬರುವುದನ್ನು ನಮ್ಮ ಮಕ್ಕಳು ಬಸ್ಸಿನಲ್ಲಿ ಹೋಗಿ ವರ್ಷ ವರ್ಷ ಕಣ್ಣಾರೆ ಕಂಡರು.

ಕುಮುದ್ವತಿ ಹುಟ್ಟುವುದು ಶಿವಗಂಗೆಯಲ್ಲಿ. ದಾಬಸ್‌ಪೇಟೆಗೆ ಹೋಗಿ ಅಲ್ಲಿಂದ ಇನ್ನೊಂದು ಬಸ್ಸು. ಗಂಗಾಧರೇಶ್ವರನಿಗೆ ತುಪ್ಪ ತಿಕ್ಕಿದರೆ ಬೆಣ್ಣೆಯಾಗುತ್ತದೆ ಎಂಬ ನಂಬಿಕೆ, ಒಳಕಲ್ಲು ತೀರ್ಥದಲ್ಲಿ ಕೈ ಹಾಕಿದರೆ ನೀರು ಸಿಕ್ಕವರು ಅದೃಷ್ಟವಂತರು ಎಂಬ ನಂಬಿಕೆ. ನಮ್ಮ ಗುಂಪಿನಲ್ಲಿ ಉದ್ದ ಕೈಯವರೇ ಅದೃಷ್ಟವಂತರಾಗುತ್ತಿದ್ದರು. ತುದಿಯಲ್ಲಿ ಕಡಿದ ಕಲ್ಲಿನ ಬಸವ. ಅದರ ಹತ್ತಿರದ ಕಡಿದಾದ ಅಂಚಿಗೆ ಶಾಂತಲೆಯ ಹೆಸರು. ರಾಣಿ ಶಾಂತಲೆ 1131ರಲ್ಲಿ ಶಿವಗಂಗೆಯಲ್ಲಿ ತೀರಿಕೊಂಡಳು ಎಂದು ಶಾಸನ ಹೇಳುತ್ತದೆ. ಹಾರಿದಳು ಎಂಬುದು ಜನರ ಮಾತು. ಎರಡಕ್ಕೂ ಇರುವ ವ್ಯತ್ಯಾಸವನ್ನು ಅಲ್ಲೇ ಅಂಚಿನಿಂದ ಇಪ್ಪತ್ತು ಅಡಿ ಹಿಂದೆ ಕೂರಿಸಿಕೊಂಡು ಹೇಳುತ್ತಿದ್ದೆ. ಕೋತಿಗಳ ಕಾಟಕ್ಕೆ ಬುತ್ತಿಯನ್ನು ಮಾತ್ರ ಕೆಳಗೆ ಇಳಿದ ಮೇಲೇ ಬಿಚ್ಚಬೇಕು.

ರಾಮನಗರದ ರಾಮದೇವರಬೆಟ್ಟ ಎಲ್ಲರಿಗೂ ಗೊತ್ತು. 1975ರ 'ಶೋಲೆ' ಸಿನಿಮಾದಿಂದ ಗೊತ್ತು. ನನಗೆ ಅದು ರಣಹದ್ದುಗಳ ಬೆಟ್ಟ. 2012ರಲ್ಲಿ ರಣಹದ್ದು ಅಭಯಾರಣ್ಯ ಎಂದು ಘೋಷಿಸಿದರು. ದನಗಳಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಎಂಬ ನೋವಿನ ಔಷಧಿ, ಸತ್ತ ದನ ತಿಂದ ಹದ್ದಿನ ಮೂತ್ರಪಿಂಡ ಕೆಡಿಸಿ ಕೊಲ್ಲುತ್ತದೆ. ದನಗಳಿಗೆ ಅದನ್ನು ಕೊಡಬಾರದೆಂದು 2006ರಲ್ಲಿ ನಿಷೇಧ ಬಂತು. ಇಲ್ಲಿ ಕೂತಿರುವ ದನ ಸಾಕುವವರು ಇದೊಂದನ್ನು ಜ್ಞಾಪಕ ಇಟ್ಟುಕೊಳ್ಳಿ.

ಇನ್ನು ಎರಡನೆಯ ತಪ್ಪು. ಇದನ್ನು ಹೇಳಬೇಕೋ ಬೇಡವೋ ಎಂದು ಒಂದು ವಾರ ಯೋಚಿಸಿದೆ. ಆ ಹುಡುಗನನ್ನೇ ಕೇಳಿದೆ. ಹುಡುಗ ಎಂದೆ, ಈಗ ಅವನಿಗೆ ನಲವತ್ತನಾಲ್ಕು. "ಹೇಳಿ ಸಾರ್, ನಮ್ ಮಗನೂ ಕೇಳಿಸ್ಕೊಳ್ಳಲಿ" ಎಂದ.

1994ರ ಜನವರಿ. ಮೂವತ್ತೊಂದು ಮಕ್ಕಳು, ನಾನು, ಇನ್ನೊಬ್ಬರು ಶಿಕ್ಷಕರು. ಯಾವ ಜಲಾಶಯ ಎಂದು ಹೇಳುವುದಿಲ್ಲ. ತಪ್ಪು ನೀರಿನದಲ್ಲ, ನನ್ನದು. ಊಟ ಆಗಿತ್ತು. ಯಾರೂ ನೀರಿಗೆ ಇಳಿಯಬಾರದು ಎಂದು ನಾನು ಹೇಳಿದ್ದೆ. ಆದರೆ ಬುತ್ತಿ ಡಬ್ಬಿ ಎಲ್ಲಿ ತೊಳೆಯಬೇಕು ಎಂದು ಹೇಳಿರಲಿಲ್ಲ. ಮಕ್ಕಳು ಎಲ್ಲಿ ತೊಳೆಯುತ್ತಾರೆ? ನೀರಿದ್ದ ಕಡೆ. ಅವನು ಅಂಚಿಗೆ ಹೋಗಿ ಕುಕ್ಕರುಗಾಲಲ್ಲಿ ಕೂತು ಡಬ್ಬಿ ಅದ್ದಿದ. ಮುಚ್ಚಳ ತೇಲಿಹೋಯಿತು. ಹಿಡಿಯಲು ಒಂದು ಹೆಜ್ಜೆ ಇಟ್ಟ, ಮೊಣಕಾಲು ನೀರು. ಇನ್ನೊಂದು ಹೆಜ್ಜೆಗೆ ಆಳು ಮುಳುಗುವ ಆಳ.

ಊರಿನ ಹುಡುಗರು ನೀರಿಗೆ ಹೆದರುವುದಿಲ್ಲ, ಬಾವಿಯಲ್ಲಿ ಈಜು ಕಲಿತಿರುತ್ತಾರೆ. ಅವನಿಗೂ ಈಜು ಬರುತ್ತಿತ್ತು. ಬಾವಿಗೂ ಜಲಾಶಯಕ್ಕೂ ಇರುವ ವ್ಯತ್ಯಾಸ ನನಗೂ ಆಗ ಗೊತ್ತಿರಲಿಲ್ಲ. ಬಾವಿಯಲ್ಲಿ ಮೆಟ್ಟಿಲಿದೆ, ಹಿಡಿಯಲು ಕಲ್ಲಿದೆ. ಜಲಾಶಯದ ದಂಡೆ ಮೊದಲು ಯಾರದೋ ಹೊಲವಾಗಿತ್ತು, ಅದರ ಬದು, ಹಳ್ಳ, ಹಳೆಯ ಬಾವಿ ಎಲ್ಲ ನೀರಿನ ಕೆಳಗೆ ಹಾಗೇ ಇರುತ್ತವೆ. ಮೇಲಿನಿಂದ ನೋಡಿದರೆ ಸಮತಟ್ಟು. ಹಳೆಯ ನದಿಯ ಪಾತ್ರ ಬಂದ ಕಡೆ ಒಂದೇ ಸಲಕ್ಕೆ ಜಾರು. ತಳದಲ್ಲಿ ಹೂಳು, ಕಾಲು ಒದ್ದು ಮೇಲೆ ಬರೋಣವೆಂದರೆ ಕಾಲೇ ಹೂತುಕೊಳ್ಳುತ್ತದೆ. ಮೈ ಮೇಲೆ ಬಟ್ಟೆ, ಕಾಲಿಗೆ ಶೂ.

ಅವನನ್ನು ಹಿಡಿಯಲು ಇಬ್ಬರು ಸ್ನೇಹಿತರು ಹಾರಿದರು. ನಾನು ಓಡಿ ಬರುವ ಹೊತ್ತಿಗೆ ಮೂರು ತಲೆಗಳು. ನನಗೆ ಈಜು ಬರುವುದಿಲ್ಲ. ಮೂವತ್ತೊಂದು ಮಕ್ಕಳನ್ನು ನೀರಿನ ಹತ್ತಿರ ಕರೆದುಕೊಂಡು ಹೋದ ಶಿಕ್ಷಕನಿಗೆ ಈಜು ಬರುವುದಿಲ್ಲ ಎಂಬುದನ್ನು ಇವತ್ತು ಈ ಮೈಕಿನಲ್ಲಿ ಹೇಳುವಾಗಲೂ ನನ್ನ ಗಂಟಲು ಒಣಗುತ್ತದೆ.

ಸ್ವಲ್ಪ ದೂರದಲ್ಲಿ ಹರಿಗೋಲಿನಲ್ಲಿ ಒಬ್ಬರು ಬಲೆ ಎಳೆಯುತ್ತಿದ್ದರು. ಅವರು ನೀರಿಗೆ ಹಾರಲಿಲ್ಲ. ಹರಿಗೋಲನ್ನು ತಿರುಗಿಸುತ್ತಾ ತಂದು ಹುಟ್ಟು ಚಾಚಿದರು, ಇಬ್ಬರು ಹಿಡಿದುಕೊಂಡರು. ದಂಡೆಯ ಮೇಲಿದ್ದ ನಮಗೆ "ಪಂಚೆ ಬಿಚ್ಚಿ ಎಸೀರಿ ಸ್ವಾಮೀ, ನೀವ್ ಇಳೀಬ್ಯಾಡಿ" ಎಂದು ಕೂಗಿದರು. ನನ್ನ ಜೊತೆಯ ಶಿಕ್ಷಕರು ಪಂಚೆ ಉಟ್ಟಿದ್ದರು, ಬಿಚ್ಚಿ ಎಸೆದರು, ನಾವು ಐದಾರು ಜನ ಇನ್ನೊಂದು ತುದಿ ಹಿಡಿದು ಮಲಗಿದೆವು. ಮೂರನೆಯವನನ್ನು ಅದರಲ್ಲಿ ಎಳೆದೆವು. ಮೂವರೂ ಉಳಿದರು. ಬುತ್ತಿ ಡಬ್ಬಿಯ ಮುಚ್ಚಳ ಸಿಗಲಿಲ್ಲ. ಆ ಮೀನುಗಾರರಿಗೆ ಏನು ಕೊಡಬೇಕೆಂದು ತಿಳಿಯದೆ ಜೇಬಿನಲ್ಲಿದ್ದ ದುಡ್ಡು ಚಾಚಿದೆ. ಅವರು ತೆಗೆದುಕೊಳ್ಳಲಿಲ್ಲ. "ಬಸ್ಸಿಗೆ ಬೇಕಾಯ್ತದೆ, ಮಡೀಕಳಿ" ಎಂದರು. ನಿಜ, ಅದು ಬಸ್ಸಿನ ದುಡ್ಡೇ ಆಗಿತ್ತು.

ಎರಡು ವರ್ಷ ಎಲ್ಲಿಗೂ ಹೋಗಲಿಲ್ಲ. ಯಾರೂ ಬೇಡ ಎನ್ನಲಿಲ್ಲ, ನನಗೇ ಧೈರ್ಯ ಇರಲಿಲ್ಲ. ಬೋರ್ಡಿನ ಮೇಲೆ ಬಾಣದ ಗುರುತು ಹಾಕುವುದಕ್ಕೆ ವಾಪಸ್ ಬಂದೆ. 1996ರಲ್ಲಿ ಒಂಬತ್ತನೇ ತರಗತಿಯ ಒಬ್ಬ ಹುಡುಗಿ ಎದ್ದು ನಿಂತಳು. ಅಲ್ಲಿಯವರೆಗೆ ನಾನು ಹುಡುಗಿಯರನ್ನು ಕರೆದುಕೊಂಡು ಹೋಗಿರಲೇ ಇಲ್ಲ, ಅದು ನನ್ನ ಮೂರನೆಯ ತಪ್ಪು. ಅವಳು, "ಸಾರ್, ಅವ್ರು ಜಾರಿದ್ದಕ್ಕೆ ನಾವ್ಯಾಕೆ ನೋಡದೆ ಇರಬೇಕು? ನಾವು ಡಬ್ಬಿ ಮನೇಲೇ ತೊಳೀತೀವಿ" ಎಂದಳು. ತರಗತಿ ನಕ್ಕಿತು. ನಾನು ಆ ರಾತ್ರಿ ಕೂತು ಹೊಸ ನಿಯಮ ಬರೆದೆ. ಹತ್ತು ಮಕ್ಕಳಿಗೆ ಒಬ್ಬ ದೊಡ್ಡವರು. ಈಜು ಬರುವ ಒಬ್ಬರು ಇರಲೇಬೇಕು. ಮೂವತ್ತು ಅಡಿ ಹಗ್ಗ ಚೀಲದಲ್ಲಿ. ನೀರಿನ ಅಂಚಿನಿಂದ ಇಪ್ಪತ್ತು ಹೆಜ್ಜೆ ದೂರ ಎಳೆದ ಗೆರೆ, ಅದನ್ನು ಶಿಕ್ಷಕರೂ ದಾಟಬಾರದು. ಯಾರಾದರೂ ಬಿದ್ದರೆ ಹಾರಬಾರದು, ಎಸೆಯಬೇಕು: ಹಗ್ಗ, ಪಂಚೆ, ಸೀರೆ, ಗಾಳಿ ತುಂಬಿದ ಮುಚ್ಚಿದ ಖಾಲಿ ಕ್ಯಾನು. ಬೆಟ್ಟಕ್ಕೆ ಬೇರೆ ನಿಯಮ. ಮಳೆ ಬಂದ ದಿನ ಬಂಡೆ ಹತ್ತುವುದಿಲ್ಲ. ತಲೆಗೆ ಒಬ್ಬರಿಗೆ ಎರಡು ಲೀಟರ್ ನೀರು. ಹೆಜ್ಜೇನು ಕಟ್ಟಿದ ಬಂಡೆಯ ಹತ್ತಿರ ಹೊಗೆ ಬೇಡ, ಕೂಗು ಬೇಡ, ಸೆಂಟು ಬೇಡ. ಈಗಿನವರಿಗೆ ಇನ್ನೊಂದು ಸೇರಿಸುತ್ತೇನೆ. ಅಂಚಿಗೆ ಬೆನ್ನು ಹಾಕಿ ಫೋಟೋ ಬೇಡ.

ಆ ಹುಡುಗಿಯ ಬ್ಯಾಚು ಹೋದದ್ದು ಪಾಂಡವಪುರದ ಕುಂತಿಬೆಟ್ಟ, ತೊಣ್ಣೂರು ಕೆರೆಗೆ. ಮೈಸೂರು ದಾರಿಯ ಬಸ್ಸು, ಆಮೇಲೆ ಪಾಂಡವಪುರದ ಬಸ್ಸು. ತೊಣ್ಣೂರು ಕೆರೆಯ ನೀರು ಎಷ್ಟು ತಿಳಿಯೆಂದರೆ ತಳ ಕೈಗೆ ಸಿಗುವ ಹಾಗೆ ಕಾಣುತ್ತದೆ, ಅದೇ ಅಪಾಯ. ಇಪ್ಪತ್ತು ಹೆಜ್ಜೆ ದೂರದಲ್ಲಿ ಹುಡುಗಿಯರು ಸಾಲಾಗಿ ಕೂತು ಹುಚ್ಚೆಳ್ಳು ಚಟ್ನಿ, ರಾಗಿ ರೊಟ್ಟಿ ತಿಂದರು. ಡಬ್ಬಿ ತೊಳೆಯದೆ ಹಾಗೇ ಚೀಲಕ್ಕೆ ಹಾಕಿಕೊಂಡರು. ಅವಳು ಈಗ ಬಸ್ ಕಂಡಕ್ಟರ್. ಇವತ್ತು ಡ್ಯೂಟಿ ಇದೆಯಂತೆ, ಸಂಜೆ ಊಟಕ್ಕೆ ಬರುತ್ತಾಳೆ.

ದೂರದವರಿಗೆ ಇನ್ನೂ ಇವೆ. ತುಮಕೂರಿನಿಂದ ದೇವರಾಯನದುರ್ಗ, ಕೆಳಗೆ ನಾಮದ ಚಿಲುಮೆ. ಚನ್ನಪಟ್ಟಣದ ಕಡೆ 1946ರಲ್ಲಿ ಕಟ್ಟಿದ ಕಣ್ವ ಜಲಾಶಯ. ಹಿರಿಯೂರಿನಿಂದ ಮಾರಿಕಣಿವೆ, ಎರಡು ಗುಡ್ಡಗಳ ನಡುವೆ ಕಲ್ಲಿನಲ್ಲಿ ಕಟ್ಟಿ 1907ರಲ್ಲಿ ಮುಗಿಸಿದ ವಾಣಿವಿಲಾಸ ಸಾಗರ. 1933ರಲ್ಲಿ ಕೋಡಿ ಬಿದ್ದದ್ದು ಮತ್ತೆ ಬಿದ್ದದ್ದು 2022ರಲ್ಲಿ. ಅದನ್ನು ನೋಡಲು ನಾನು ನಿವೃತ್ತನಾದ ಮೇಲೆ ಒಬ್ಬನೇ ಬಸ್ಸಿನಲ್ಲಿ ಹೋಗಿದ್ದೆ. ಎಂಬತ್ತೊಂಬತ್ತು ವರ್ಷ ಕಾದ ನೀರು. ಪಕ್ಕದಲ್ಲಿ ನಿಂತಿದ್ದ ಒಬ್ಬ ಮುದುಕಿ, ತನ್ನ ತಾಯಿ ಹೇಳುತ್ತಿದ್ದ ಕಥೆ ನಿಜವಾಯಿತು ಎಂದು ಕಣ್ಣೊರೆಸಿಕೊಂಡಳು.

ನಾನು 2014ರಲ್ಲಿ ನಿವೃತ್ತನಾದೆ. ಆಮೇಲೆ ನಡಿಗೆ ನಿಂತುಹೋಗಿದೆ. ಈಗಿನ ಶಿಕ್ಷಕರನ್ನು ನಾನು ದೂರುವುದಿಲ್ಲ. ಅವರಿಗೆ ಕೆಲಸ ಹೆಚ್ಚು, ಭಯವೂ ಹೆಚ್ಚು. ಪೋಷಕರ ಸಹಿ ಬೇಕು, ಇಲಾಖೆಯ ಅನುಮತಿ ಬೇಕು, ಸಾವನದುರ್ಗದಂಥ ಕಡೆ ಚಾರಣಕ್ಕೆ ಮೊದಲೇ ಟಿಕೆಟ್ ಮಾಡಿಸಬೇಕು. ಇವೆಲ್ಲ ಬೇಕೇ ಬೇಕು, 1994ರಲ್ಲಿ ಇದ್ದಿದ್ದರೆ ನಾನೂ ಇನ್ನಷ್ಟು ಎಚ್ಚರವಾಗಿರುತ್ತಿದ್ದೆ. ಆದರೆ ಮೊನ್ನೆ ಇದೇ ಶಾಲೆಯ ಒಂಬತ್ತನೇ ತರಗತಿಗೆ ಹೋಗಿ, ಆ ಬೆಟ್ಟ ಹತ್ತಿದವರು ಕೈ ಎತ್ತಿ ಎಂದೆ. ನಾಲ್ಕು ಕೈ. 1985ರಿಂದ ಇಲ್ಲಿಗೆ ಒಂದು ಕೈ ಹೆಚ್ಚಾಗಿದೆ. ಬೆಟ್ಟಕ್ಕೆ ಬೆಂಗಳೂರಿನಿಂದ ಪ್ರತಿ ಶನಿವಾರ, ಭಾನುವಾರ ಕಾರುಗಳು ಸಾಲುಗಟ್ಟಿ ಬರುತ್ತವೆ. ಕಿಟಕಿಯಿಂದ ಬೆಟ್ಟ ಕಾಣುವ ಮಕ್ಕಳು ಮೊಬೈಲಿನಲ್ಲಿ ಆ ಕಾರಿನವರು ಹಾಕಿದ ಫೋಟೋ ನೋಡುತ್ತಾರೆ.

ಹಣದ ಅಡ್ಡಿ ಮೊದಲಿನಷ್ಟಿಲ್ಲ. 2023ರ ಜೂನ್‌ನಿಂದ ಸಾಮಾನ್ಯ ಬಸ್ಸುಗಳಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ಇಲ್ಲ. ನಮ್ಮ ಶಾಲೆಯಲ್ಲಿ ಈಗ ಅರ್ಧಕ್ಕಿಂತ ಹೆಚ್ಚು ಹುಡುಗಿಯರು. ಅವರ ತಾಯಂದಿರೂ ಬರಬಹುದು. ಬಂದರೆ ಹತ್ತಕ್ಕೆ ಒಬ್ಬರು ದೊಡ್ಡವರು ಎಂಬ ಲೆಕ್ಕ ಸಲೀಸಾಗಿ ಕೂಡುತ್ತದೆ.

ಹಳೆಯ ವಿದ್ಯಾರ್ಥಿಗಳ ಸಂಘದವರು ಸುವರ್ಣ ಮಹೋತ್ಸವದ ನೆನಪಿಗೆ ಕಮಾನು ಕಟ್ಟಿಸಬೇಕೆಂದು ದುಡ್ಡು ಕೂಡಿಸಿದ್ದಾರೆ. ಕಟ್ಟಲಿ, ನಾನು ಬೇಡ ಅನ್ನುವುದಿಲ್ಲ. ಉಳಿದ ದುಡ್ಡಿನಲ್ಲಿ ನಾಲ್ಕು ಹಗ್ಗ, ಎರಡು ತೇಲುವ ಟ್ಯೂಬು, ಒಂದು ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ತಂದು ಶಾಲೆಗೆ ಕೊಡಿ. ಈಜು ಬರುವ ಹಳೆಯ ಹುಡುಗರು ಹೆಸರು ಬರೆಸಿ. ಡಬ್ಬಿ ತೊಳೆಯಲು ಹೋಗಿದ್ದವನು ಈಗಾಗಲೇ ಬರೆಸಿದ್ದಾನೆ. ಅವನೇ ಮೊದಲನೆಯವನು.

ಮುಖ್ಯೋಪಾಧ್ಯಾಯರು ಒಪ್ಪಿದ್ದಾರೆ, ಅನುಮತಿಯ ಕಾಗದ ಹೋಗಿದೆ. ಅದು ಬಂದರೆ ಮುಂದಿನ ತಿಂಗಳ ಎರಡನೆಯ ಶನಿವಾರ ನೈಟ್ ಹಾಲ್ಟ್ ಬಸ್ಸು ಬೆಳಗ್ಗೆ ಆರೂ ಹತ್ತಕ್ಕೆ ಅರಳಿಕಟ್ಟೆ ಹತ್ತಿರದಿಂದ ಹೊರಡುತ್ತದೆ. ನಾನು ಬುಡದವರೆಗೆ ಬರುತ್ತೇನೆ, ಮೇಲಕ್ಕೆ ನನ್ನ ಮೊಣಕಾಲು ಬಿಡುವುದಿಲ್ಲ. ಕೆಳಗೆ ಟೀ ಅಂಗಡಿಯಲ್ಲಿ ಕೂತು ಕಡೇ ಬಸ್ಸಿನ ಟೈಮು ಮೂರು ಜನರನ್ನು ಕೇಳಿ ಇಟ್ಟಿರುತ್ತೇನೆ. ಎರಡು ಲೀಟರ್ ನೀರು, ಟೋಪಿ, ಬುತ್ತಿ ತನ್ನಿ. ಡಬ್ಬಿ ಮನೆಯಲ್ಲೇ ತೊಳೆದುಕೊಳ್ಳಿ.